ಬಾಗಿಲಲ್ಲಿ ನಿಂತು ಹೇಳುವ ಬಾಳಪ್ಪ ಮಾಮಾ

ಓಣಿಯ ತಿರುವಿನಲ್ಲಿ ಬೈಕು ನಿಲ್ಲಿಸಿ ಬಾಳಪ್ಪ ಮಾಮಾ ಅಲ್ಲಿಂದಲೇ “ಯವ್ವಾ, ಚಾ ಇಡ” ಎಂದು ಕೂಗಿದರೆ ನಮ್ಮ ಹೆಂಗಸರು ಉಸಿರು ಬಿಡುತ್ತಿದ್ದರು. ಕೂಗಿದರೆ ಯಾರೂ ಸತ್ತಿಲ್ಲವೆಂದೇ ಅರ್ಥ. ಕೂಗದೆ ಬಂದು ಬಾಗಿಲಲ್ಲಿ ನಿಂತರೋ, ಹಂಚಿನ ಮೇಲಿನ ರೊಟ್ಟಿ ಹೊತ್ತಿದರೂ ತಿರುವಿ ಹಾಕುವ ಕೈ ಇರುತ್ತಿರಲಿಲ್ಲ.

ಮರಾಠಿ ಗಡಿಯ ನಮ್ಮ ಉಟಗಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಬೀಗರ ಊರುಗಳಿಗೆ ಸುದ್ದಿ ಮುಟ್ಟಿಸುವ, ಆ ಊರುಗಳ ಸುದ್ದಿ ಇಲ್ಲಿಗೆ ತರುವ ಕೆಲಸ ಅವರದು. ಯಾರೂ ಹಚ್ಚಿದ್ದಲ್ಲ, ತಾವೇ ಹಿಡಿದದ್ದು. ಹರೆಯದಲ್ಲಿ ಕುರಿಗಳ ಹಿಂದೆ ತಿರುಗಿದ ಕಾಲು. ಒಂದು ಕಡೆ ನಿಲ್ಲಲು ಅದಕ್ಕೆ ಬರುತ್ತಿರಲಿಲ್ಲ. ಮೊದಲು ಸೈಕಲ್ಲು, ಆಮೇಲೆ ಸೀಟು ಹರಿದ ಬೈಕು. ಅವರದೇ ಕಾಯಿದೆಗಳಿದ್ದವು. ಪಕ್ಕದ ಮನೆಯ ಸಾಲಿ ಮಾಸ್ತರನಾದ ನನಗೆ ಹೇಳುತ್ತಿದ್ದರು:

“ಸುದ್ದಿ ಒಯ್ದಾಂವ ಕುಂದರಬಾರದು, ನೀರು ಕುಡೀಬಾರದು. ಹೇಳಿ ಹೊಂಟ ಮ್ಯಾಲ ಹೊಳ್ಳಿ ನೋಡಬಾರದು ಮಾಸ್ತರ. ನೋಡಿದ್ರ ಮುಂದಿನ ಮನಿಗಿ ಹೋಗಾಕ ಕಾಲು ಏಳಂಗಿಲ್ಲ.”

ಈ ಚಟ ಎಷ್ಟು ಮೈಗೂಡಿತ್ತೆಂದರೆ ಸ್ವಂತ ಮನೆಯಲ್ಲೂ ಅವರು ಕಪ್ಪು-ಬಸಿ ಕೈಯಲ್ಲಿ ಹಿಡಿದು ಅಡ್ಡಾಡುತ್ತಲೇ ಚಹಾ ಕುಡಿಯುತ್ತಿದ್ದರು. ಹೆಂಡತಿ ಶಾಂತವ್ವ ನಮ್ಮ ಗೋಡೆಯಾಚೆಯಿಂದ ಹೇಳುತ್ತಿದ್ದಳು: “ಇವರಿಗಿ ಉಣ್ಣಾಕ ಕರಿಯೂದಂದ್ರ ಹೊಂಟ ಎಸ್‌ಟಿ ಬಸ್ಸಿಗಿ ಕೈ ಮಾಡಿದಂಗ ನೋಡ್ರಿ.” ಮಕ್ಕಳಿರಲಿಲ್ಲ. ಇಬ್ಬರೇ.

ಸಾವಿನ ಸುದ್ದಿ ತರುವವನನ್ನು ಸಾವಿನ ದಿನ ಎಲ್ಲರೂ ಕರೆಯುತ್ತಾರೆ. ಮದುವೆಯ ದಿನ ಅವನ ಮುಖ ಎದುರಾದರೆ ಒಳಗೊಳಗೇ ಅಳುಕುತ್ತಾರೆ. ಶಾಂತವ್ವನ ತಮ್ಮ, ತಿಕೋಂಡಿಯ ಮಲ್ಲಪ್ಪ, ಆರು ವರ್ಷದ ಹಿಂದೆ ಮಗಳ ನಿಶ್ಚಯದಲ್ಲಿ ಅದನ್ನು ಬಾಯಿಬಿಟ್ಟೇ ಅಂದುಬಿಟ್ಟ. ಬೀಗರು ಹೋಗುವತನಕ ಹಿತ್ತಲಲ್ಲಿ ಇರ್ರಿ ಎಂದ. ಮಾಮಾ ಹಿತ್ತಲಿಗೆ ಹೋಗಲಿಲ್ಲ. ಹೆಂಡತಿಯನ್ನು ಬೈಕಿಗೆ ಹತ್ತಿಸಿಕೊಂಡು ಊರಿಗೆ ಬಂದರು. ಅಂದಿನಿಂದ ಹೋಗುವುದು ಬರುವುದು ನಿಂತಿತು. ಶಾಂತವ್ವ ಜಗಳ ಆಡಲಿಲ್ಲ. ಕಾಯಿಲೆ ಬಿದ್ದ ಮೇಲೆ, ನನ್ನೆದುರಿಗೇ, ಒಂದೇ ಮಾತು ಕೇಳಿದಳು: “ನಾ ಮಣ್ಣಿಗಿ ಹೋಗೂಮುಂದ ತವರ ಸೀರಿ ತಪ್ಪಿಸಬ್ಯಾಡ್ರಿ.” ತವರಿನವರು ತಂದ ಸೀರೆ ಹೊದಿಸದೆ ನಮ್ಮ ಕಡೆ ಹೆಣ್ಣುಮಗಳನ್ನು ಮಣ್ಣು ಮಾಡುವುದಿಲ್ಲ. ಮಾಡಿದರೆ, ಅವಳಿಗೆ ಯಾರೂ ಇರಲಿಲ್ಲ ಎಂದು ಊರಿಗೆಲ್ಲ ಸಾರಿದಂತೆ.

ಅವಳು ಹೋದದ್ದು ಒಂದು ಮುಂಜಾನೆ. ಸಾವಿನ ಮನೆಯವನು ತನ್ನ ಮನೆಯ ಸುದ್ದಿ ತಾನೇ ಒಯ್ಯುವಂತಿಲ್ಲ. ಮಾಮಾ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು. ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದು ಮೊಬೈಲು ತೆಗೆದೆ. ಸಾಲಿಯ ವರದಿಗಳನ್ನು ಎಐ ಕೈಲಿ ಬರೆಸಿ ರೂಢಿಯಾಗಿತ್ತು. ಇದನ್ನೂ ಅದಕ್ಕೇ ಕೇಳಿದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಯಾದಿ ಬಂತು: ಕುಣಿ ತೋಡುವವರು, ಹೂವು, ಶಾಮಿಯಾನ, ಬಂದವರಿಗೆ ನೀರು, ನಾಲ್ಕಕ್ಕೆ ಮಣ್ಣು. ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಸಂದೇಶವನ್ನೂ ಬರೆದುಕೊಟ್ಟಿತು. ಎಲ್ಲ ನಂಬರುಗಳಿಗೆ ಕಳಿಸಿದೆ. ಇಷ್ಟು ಹಗುರವಾಗಿ ಆಯಿತಲ್ಲ ಎಂದು ಬೀಗಿದೆ ಕೂಡ.

ಮಧ್ಯಾಹ್ನದ ಹೊತ್ತಿಗೆ ದರಿಬಡಚಿಯವರು ಬಂದರು, ವಿಜಯಪುರದವರು ಬಂದರು. ತಿಕೋಂಡಿಯಿಂದ ಒಂದು ನರಪಿಳ್ಳೆ ಇಲ್ಲ. ಮಾಮಾ ನನ್ನ ಮುಂದೆ ಬಂದು ನಿಂತರು.

“ತಿಕೋಂಡಿಗಿ ಯಾರು ಹೋಗ್ಯಾರ?”

ಮಲ್ಲಪ್ಪನಿಗೆ ಸಂದೇಶ ಮುಟ್ಟಿದೆ, ಎಂಟಕ್ಕೇ ನೋಡಿದ್ದಾನೆ ಎಂದು ನೀಲಿ ಗುರುತು ತೋರಿಸಿದೆ.

“ನೋಡ್ಯಾನ, ಖರೆ” ಎಂದರು. “ಆದ್ರ ಅವಗ ಯಾರೂ ಹೇಳಿಲ್ಲಲ್ಲ, ಮಾಸ್ತರ.”

ಮನಸ್ತಾಪವಿದ್ದ ಮನೆಗಂತೂ ಆಳು ಹೋಗಿ ಬಾಗಿಲಲ್ಲಿ ನಿಂತು ಹೇಳಲೇಬೇಕು. ಹೇಳದೆ ಬಂದರೆ ಕರೆಯದೆ ಬಂದಂತೆ. ಯಂತ್ರಕ್ಕೆ ಅದು ಗೊತ್ತಿರಲಿಲ್ಲ, ಒಪ್ಪೋಣ. ಇದೇ ಓಣಿಯಲ್ಲಿ ಬೆಳೆದ ನನಗೆ?

ನಾನೇ ಹೋಗುತ್ತೇನೆ ಎಂದು ಬೈಕು ಚಾಲು ಮಾಡಿದೆ. ಮಾಮಾ ಬಂದು ಹಿಂದೆ ಹತ್ತಿದರು. ಹಿರಿಯರು ತಡೆದರು: ಹೆಣ ಅಂಗಳದಲ್ಲಿಟ್ಟುಕೊಂಡು ಗಂಡ ಊರು ದಾಟಬಾರದು.

“ಊರ ಮಂದೀದೆಲ್ಲ ನಾ ಹೇಳಿ ಬಂದೀನಿ,” ಎಂದರು ಮಾಮಾ. “ಆಕಿದು ಮತ್ತೊಬ್ಬರ ಬಾಯಿಂದ ಹೇಳಸಲ್ಯಾ?”

ದಾರಿಯುದ್ದಕ್ಕೂ “ಲಗೂನ ಹೊಡಿ, ಲಗೂನ ಹೊಡಿ” ಎಂದು ನನ್ನ ಬೆನ್ನಿಗೆ ತಿವಿಯುತ್ತಿದ್ದರು. ತಿಕೋಂಡಿ ಮುಟ್ಟಿದಾಗ ಎರಡೂವರೆ. ಮಲ್ಲಪ್ಪ ಕಟ್ಟೆಯ ಮೇಲೆ ಕೂತಿದ್ದ. ಮುಂಜಾನೆಯಿಂದ ಅಲ್ಲೇ ಕೂತಿರಬೇಕು. ತೊಡೆಯ ಮೇಲೆ ಹಸಿರು ಇಳಕಲ್ಲ ಸೀರೆ, ಅದರ ಮೇಲೆ ಎರಡೂ ಕೈ. ಕಣ್ಣು ಊದಿದ್ದವು. ಆದರೂ ಏಳಲಿಲ್ಲ. ಮಾಮಾ ಬಾಗಿಲ ಎದುರಿಗೆ ನಿಂತು ರುಮಾಲು ತೆಗೆದು ಹೆಗಲಿಗೆ ಹಾಕಿದರು.

“ನಿಮ್ಮ ಮನಿ ಹೆಣ್ಣಮಗಳು ದಾರಿ ಹಿಡದಾಳ್ರಿ. ಹೊತ್ತು ಮುಳಗೂದರಾಗ ಬರ್ರಿ.”

ಯಾರಿಗೂ ಬಹುವಚನ ಬಳಸದ ಮನುಷ್ಯ ಹೆಂಡತಿಯ ತಮ್ಮನಿಗೆ ರಿ ಹಚ್ಚಿ ಹೇಳಿದರು. ಮಲ್ಲಪ್ಪ ಸೀರೆಯನ್ನು ಎದೆಗವಚಿಕೊಂಡು ಎದ್ದ. “ನಡೀರಿ ದಾಜಿ, ಬಂದೆ,” ಎಂದು ಅಕ್ಕನ ಗಂಡನಿಗೆ ಹೇಳಿದ.

ದಿನಕಾರ್ಯ ಮುಗಿದ ಮರುವಾರ ಮಾಮಾ ನನ್ನ ಮನೆಗೆ ಬಂದು, ಆ ಮಶೀನಿನಲ್ಲಿ ತಮ್ಮದೂ ಒಂದು ಯಾದಿ ಮಾಡಿಡು ಎಂದರು. ಮೊದಲು ಅದು ಇಷ್ಟದ ಹಾಡು ಯಾವುದು ಎಂದು ಕೇಳಿತು, ಎರಡು ನಿಮಿಷ ಮೌನ ಇಡಬಹುದು ಎಂದಿತು. “ಮೌನಾ? ನಮ್ಮ ಹೆಣ್ಣಮಕ್ಕಳು ಬಿಡ್ತಾರೇನು!” ಎಂದು ಮಾಮಾ ನಕ್ಕರು, ಅವಳು ಹೋದ ಮೇಲೆ ಮೊದಲ ಸಲ. ನಮ್ಮ ರೀತಿ ಹೀಗೆ ಎಂದು ನಾನು ತಿಳಿಸಿದ ಮೇಲೆ, ಯಾವ ಮನೆಗೆ ಯಾರು ಹೋಗಿ ಹೇಳಬೇಕು ಎಂದು ಕೇಳಿತು. “ಈಗ ಶಾಣ್ಯಾ ಆತ ನೋಡ” ಎನ್ನುತ್ತ ಮಾಮಾ ಪಡಸಾಲೆಯಲ್ಲಿ ತಿರುಗುತ್ತಲೇ ಹತ್ತೊಂಬತ್ತು ಮನೆ ಹೇಳಿದರು. ಹೋಗುವವನ ಹೆಸರಿನ ಜಾಗದಲ್ಲೆಲ್ಲ ನನ್ನದನ್ನೇ ಬರೆಸಿದರು.

ಹೋದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಅವರ ಬಾಗಿಲು ತಳ್ಳಿ ನೋಡಿದವನು ನಾನೇ. ಅಳಲು ಹೊತ್ತಿರಲಿಲ್ಲ. ಹಿರಿಯರನ್ನು ಮನೆಯಲ್ಲಿ ಕೂಡಿಸಿ ಯಾದಿ ಹಿಡಿದು ಹೊರಟೆ. ಬಾಗಿಲಿಂದ ಬಾಗಿಲಿಗೆ, ಬೆನ್ನ ಹಿಂದೆ ಏಳುತ್ತಿದ್ದ ಅಳು ಕೇಳುತ್ತ. ಕೊನೆಯದು ತಿಕೋಂಡಿ. ಮಲ್ಲಪ್ಪ ಎಲ್ಲ ಕೇಳಿಸಿಕೊಂಡು, “ನಿಮಗ ಯಾರು ಹೇಳಿದ್ರು ಮಾಸ್ತರ?” ಎಂದ. ಯಾರೂ ಇಲ್ಲ ಎಂದೆ.

ಮಣ್ಣು ಮುಗಿದು, ಸ್ನಾನ ಮಾಡಿ, ಸುಮ್ಮನೆ ಒಳಗೆ ಹೊರಗೆ ಓಡಾಡುತ್ತಿದ್ದೆ. ತಿಕೋಂಡಿಯ ಜೀಪು ಓಣಿಯ ಬಾಯಲ್ಲಿ ನಿಂತಿತ್ತು. ಮಲ್ಲಪ್ಪ ಇಳಿದು ಬಂದು, ರುಮಾಲು ತೆಗೆದು, ನಮ್ಮ ಹೊಸ್ತಿಲಾಚೆ ನಿಂತ.

“ಮಾಸ್ತರ,” ಎಂದ, “ನಿಮ್ಮ ಬಾಳಪ್ಪ ಮಾಮಾ ದಾರಿ ಹಿಡದಾರ್ರಿ.”

ಆಗ ನನಗೆ ಅಳು ಬಂತು.