ಬೆಟ್ಟದೂರಿನಲ್ಲಿ ಬಿಟ್ಟುಬಂದ ಆರ್‌ವಿ

ಆಗ ನಾನು ಹ್ಯೂಸ್ಟನ್ನಿನ ವಿಮಾ ಕಂಪನಿಯೊಂದರಲ್ಲಿ ಕ್ಲೇಮ್ ಅಡ್ಜಸ್ಟರ್ ಆಗಿದ್ದೆ. ಪರಿಹಾರ ಕೇಳುವವರು ಹೇಳಿದ್ದು ನಿಜವೋ ಸುಳ್ಳೋ ನೋಡಿ ವರದಿ ಬರೆಯುವ ಕೆಲಸ. ಸಂಶಯಪಡುವುದಕ್ಕೇ ಸಂಬಳ. ಮನೆಯಲ್ಲೂ ಆ ಗುಣ ಬಿಡದೆ ಗಂಡನಿಂದ ಬೈಸಿಕೊಂಡದ್ದುಂಟು, ಆ ಮಾತು ಬಿಡಿ.

ಒಂದು ಏಪ್ರಿಲ್‌ನಲ್ಲಿ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನ ಬಸನಗೌಡರ ಕ್ಲೇಮ್ ಬಂತು. ಹುಬ್ಬಳ್ಳಿಯವರು, ಎನರ್ಜಿ ಕಾರಿಡಾರ್‌ನ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್. ಅವರ ಬಡಾವಣೆಯಲ್ಲಿ ಮನೆ ಮುಂದೆ ಆರ್‌ವಿ, ಅಂದರೆ ಒಲೆ, ಹಾಸಿಗೆ ಎಲ್ಲ ಇರುವ ಆ ದೊಡ್ಡ ವಾಹನ, ನಿಲ್ಲಿಸುವಂತಿರಲಿಲ್ಲ. ಹೇಗೂ ತಿರುಗಾಟವೆಲ್ಲ ಕೊಲೊರಾಡೊದಲ್ಲೇ ಎಂದು, ದಸರೆ ಹೊತ್ತಿಗೆ ತಾಯಿಯೊಂದಿಗೆ ರಜೆ ಕಳೆದು ಅಲ್ಲಿನ ಬೆಟ್ಟದೂರಿನ ಬಾಡಿಗೆ ಶೆಡ್ಡಿನಲ್ಲಿ ಚಳಿಗಾಲಕ್ಕೆ ಬಿಟ್ಟುಬಂದಿದ್ದರು. ಹಿಮ ಕರಗಿದ ಮೇಲೆ ನೋಡಿದರೆ ಡ್ಯಾಶ್‌ಬೋರ್ಡಿನ ಹಿಂದಿನ ವೈರುಗಳೆಲ್ಲ ತುಂಡು.

“ಶೆಡ್ ನೋಡ್ಕೊಳ್ಳೋ ಮಾರ್ಥಾನ ವೈರ್ ಕತ್ತರಿಸ್ಯಾಳ್ರಿ. ಗಾಡಿ ನಿಲ್ಸೋ ಜಾಗದ ಸಲುವಾಗಿ ಜಗಳ ಆಗಿತ್ತು. ಕೀಲಿ ಆಕಿ ಕಡೇನ ಇತ್ತು,” ಎಂದರು.

ನನಗೆ ಗೌಡರ ಮೇಲೇ ಗುಮಾನಿ. ಪಾಲಿಸಿಯ ಪ್ರಕಾರ ಯಾರಾದರೂ ಬೇಕೆಂದೇ ಹಾಳುಮಾಡಿದರೆ ಪರಿಹಾರವುಂಟು, ಇಲಿ ಕಡಿದರೆ ಇಲ್ಲ. ತಿನ್ನುವ ಪದಾರ್ಥ ಏನಾದರೂ ಒಳಗಿತ್ತೇ ಎಂದು ಕೇಳಿದೆ. “ಒಂದು ಕಾಳು ಸುದ್ದಾ ಇರಲಿಲ್ರಿ!” ಅಷ್ಟು ಥಟ್ಟನೆ ಬಂದ ಉತ್ತರವನ್ನು ನಾನು ನಂಬುವವಳಲ್ಲ. ಮೇಲಾಗಿ ಹಾಳಾದ ವೈರುಗಳನ್ನು ಅವರ ಮೆಕ್ಯಾನಿಕ್ ಆಗಲೇ ಕಿತ್ತು ಎಸೆದಿದ್ದ. ಇದೆಂಥ ಅವಸರವಪ್ಪಾ ಎನಿಸಿತು.

ಗೌಡರನ್ನು ಕರೆದುಕೊಂಡೇ ಆ ಶೆಡ್ಡಿಗೆ ಹೋದೆ. ಮಾರ್ಥಾ ಕೀಲಿ ಕೊಟ್ಟು, “ನಾನು ಮುಟ್ಟಿಲ್ಲ. ನಿಮ್ಮ ವರದಿಯಲ್ಲಿ ನನ್ನ ಹೆಸರು ಬಂದರೆ ಕೆಲಸವೂ ಹೋಗುತ್ತದೆ, ಶೆಡ್ಡಿನ ಮಾಲೀಕರು ಕೊಟ್ಟ ಮನೆಯೂ ಹೋಗುತ್ತದೆ,” ಎಂದಳು. ನಾನಿನ್ನೂ ಏನೂ ಕೇಳಿರಲಿಲ್ಲ. ಆ ಮಾತನ್ನೂ ಅನುಮಾನಿಸಿದೆ.

ಆರ್‌ವಿಯೊಳಗೆ ಹತ್ತಿದೆ. ಸ್ಟಿಯರಿಂಗ್ ಮೇಲೆ ಒಣಗಿದ ಕುಂಕುಮ. ಅರೆ, ಆಯುಧ ಪೂಜೆ! ನಮ್ಮ ಮೈಸೂರಿನ ಮನೆಯಲ್ಲಿ ಸ್ಕೂಟರಿಗೂ ಮಾಡುತ್ತಿದ್ದೆವು.

“ಪ್ರಸಾದ ಏನ್ ಮಾಡಿದ್ರಿ?” ಎಂದೆ.

“ಅವ್ವನ್ನ ಕೇಳಬೇಕ್ರಿ,” ಎಂದು ಗೌಡರು ಪೇರ್ಲ್ಯಾಂಡಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಪ್ರಸಾದದ ವಿಷಯ ನಾನೇ ಕೇಳಿದೆ.

“ಸೀಟಿನ ಬುಡಕ ಇಟ್ಟೀನವ್ವಾ,” ಎಂದರು ಅವರ ತಾಯಿ. “ಚುರಮರಿ, ಬೆಲ್ಲ, ಕೊಬ್ಬರಿ. ಕಾಲಾಗ ತುಳೀಬಾರದಲ್ಲ.”

“ಅವ್ವಾ, ತಿನ್ನೋದು ಏನೂ ಇಲ್ಲ ಅಂದಿದ್ದೆಲ್ಲ!”

“ತಿನ್ನೋದೆಲ್ಲಿತ್ತೋ? ಅದು ಪ್ರಸಾದ.”

ಸೀಟು ಎತ್ತಿದೆ. ಚಿಂದಿಯಾದ ಬಟ್ಟೆಯ ಗಂಟು, ಕೆರೆದ ಕೊಬ್ಬರಿ ಬಟ್ಟಲು, ರಾಶಿ ಇಲಿ ಹಿಕ್ಕೆ. ಚಳಿಗೆ ಒಳಗೆ ಸೇರಿದ ಇಲಿಗಳು ಪ್ರಸಾದ ಮುಗಿಸಿ ವೈರಿಗೆ ಬಾಯಿ ಹಾಕಿದ್ದವು.

ಗೌಡರ ಮುಖ ಇಳಿಯಿತು. ದನಿ ತಗ್ಗಿಸಿ, “ಮ್ಯಾಡಮ್, ನಮ್ಮವರೇ ಅದೀರಿ. ಇಲಿ ಅಂತ ಬರೀಬ್ಯಾಡ್ರಿ,” ಎಂದರು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಫೋನೇ ಗುಡುಗಿತು.

“ಆ ಹೆಣ್ಮಗಳ ಅನ್ನಕ್ಕ ಕಲ್ಲು ಹಾಕ್ತೀಯೇನೋ? ಹೋಗು, ಮೊದಲು ಆಕಿ ಮುಂದ ತಪ್ಪಾತು ಅನ್ನು!”

ಗೌಡರು ತಲೆ ತಗ್ಗಿಸಿಕೊಂಡು ಮಾರ್ಥಾಳ ಕಡೆ ನಡೆದರು. ನಾನು ಇಲಿ ಎಂದೇ ಬರೆದೆ.

ಸಂಶಯ ನನ್ನ ಕಸುಬು, ಅದನ್ನು ಬಿಟ್ಟಿಲ್ಲ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂದಷ್ಟೇ ಮೊದಲು ಯೋಚಿಸುತ್ತಿದ್ದೆ. ಆ ಅಜ್ಜಿ ಗದರಿದ ಮೇಲೆ, ನನ್ನ ಸಂಶಯ ತಪ್ಪಾದರೆ ಯಾರ ಅನ್ನ ಹೋಗುತ್ತದೆ ಎಂದೂ ಯೋಚಿಸುತ್ತೇನೆ.