ಅಂಗಿ ನೇತುಹಾಕುತ್ತಿದ್ದ ಶಾಫ್ಟ್

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಯಾರು ಅವಸರ ಮಾಡಿದರೂ "ತಾಳಪ್ಪ, ತಾಳು" ಎನ್ನುತ್ತಿದ್ದ. ಎದುರಿಗಿರುವವರು ಗಂಡಸೋ ಹೆಂಗಸೋ ಎಂಬುದನ್ನೂ ನೋಡುತ್ತಿರಲಿಲ್ಲ. ಕೊನೆಗೆ ಜನ ಅವನನ್ನೇ ತಾಳಪ್ಪ ಎಂದು ಕರೆಯತೊಡಗಿದರು. ಅವನೂ ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೂ ಅವನಿಗೆ ಸಾಕಷ್ಟು ಸಮಯ ಬೇಕಾಗುತ್ತಿತ್ತು.

ಅವನ ಗ್ಯಾರೇಜು ಉದ್ದನೆಯ ತಗಡಿನ ಶೆಡ್ಡು. ಮುಂಭಾಗ ಅವನದು, ಹಿಂಭಾಗ ಅವನ ಅಕ್ಕನದು. ಅಕ್ಕ ಲೇತ್ ಯಂತ್ರದಲ್ಲಿ ಉಕ್ಕಿನ ಭಾಗಗಳನ್ನು ತಿರುವಿ ಕೊಡುವ ಕೆಲಸದವಳು. ಅವರಪ್ಪನೂ ಅದೇ ಕೆಲಸದ ಟರ್ನರ್ ಆಗಿದ್ದ. ಮಗನಿಗೆ ಕಲಿಸಲು ಹೋಗಿ ಸೋತು, ಮಗಳಿಗೆ ಕಲಿಸಿದ. ಶೆಡ್ಡಿನ ನಡುವೆ ಎದೆಯೆತ್ತರದ ಇಟ್ಟಿಗೆ ಗೋಡೆ. ಅದರ ಆಚೆಯಿಂದ ಈಚೆಗೆ ಸಾಮಾನು, ಚಹಾ ಮತ್ತು ಬೈಗುಳ ದಿನವಿಡೀ ದಾಟುತ್ತಿದ್ದವು. ಅಕ್ಕ ಮದುವೆಯಾಗಲಿಲ್ಲ. ಅದನ್ನು ಕುರಿತು ಕೇಳಿದವರಿಗೆ, "ಲೇತ್ ಬಿಟ್ಟು ಬರೋಕಾಗಲ್ಲ, ಗಂಡನ್ನ ಇಲ್ಲಿಗೇ ಕಳಿಸಿ" ಎನ್ನುತ್ತಿದ್ದಳು. ಯಾರೂ ಕಳಿಸಲಿಲ್ಲ.

ತಾಳಪ್ಪನ ನಿಧಾನ ಹುಟ್ಟುಗುಣವಲ್ಲ. ಹರೆಯದಲ್ಲಿ ಅವನು ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿದಾಗ ಅವನಷ್ಟು ಚುರುಕಿನವನು ಇರಲಿಲ್ಲವಂತೆ. ಒಂದು ದಿನ ಎಂಜಿನ್ನಿಗೆ ಗೇರ್‌ಬಾಕ್ಸ್ ಕೂರಿಸುವಾಗ ಅದು ಬೆರಳಗಲ ದೂರದಲ್ಲಿ ನಿಂತುಬಿಟ್ಟಿತು. ಅವನು ಬೋಲ್ಟ್ ಹಾಕಿ, ಪಾನಾ ತಿರುಗಿಸಿ ಅದನ್ನು ಎಳೆದುಕೊಂಡ. ಗೇರ್‌ಬಾಕ್ಸಿನ ಅಂಚಿನಲ್ಲಿ ಬೋಲ್ಟಿಗೆಂದು ಇರುವ ಕಿವಿ ಟಪ್ಪೆಂದು ಮುರಿದು ನೆಲಕ್ಕೆ ಬಿತ್ತು. ಮೇಸ್ತ್ರಿ ಬೈಯಲಿಲ್ಲ. ಆ ತುಂಡನ್ನು ದಾರ ಕಟ್ಟಿ ಅವನ ಬೆಂಚಿನ ಎದುರಿಗೆ ತೂಗುಹಾಕಿದ. ಅವನು ಡಿಪೋ ಬಿಡುವವರೆಗೂ ಅದು ಅವನ ಮೂಗಿನ ನೇರಕ್ಕೆ ತೂಗುತ್ತಿತ್ತು.

ಅಂದಿನಿಂದ ಅವನ ನಿಯಮ ಒಂದೇ. ಗೇರ್‌ಬಾಕ್ಸ್ ಕೈಯಲ್ಲಿ ತಳ್ಳಿದರೆ ಹೋಗಿ ಕೂರಬೇಕು. ಕೂತ ಮೇಲೆ ಅದನ್ನು ಹಿಡಿದಿಡಲು ಬೋಲ್ಟ್. ಎಳೆದು ಕೂರಿಸಲು ಅಲ್ಲ.

ಕೆಲಸ ಕೇಳಿದರೆ ಸರಳ. ಗೇರ್‌ಬಾಕ್ಸಿನ ಮುಂದಕ್ಕೆ ಚಾಚಿಕೊಂಡಿರುವ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ತೂತಿನಲ್ಲಿ ಹಾದು, ಅದರಾಚೆ ಎಂಜಿನ್ನಿನ ತುದಿಯಲ್ಲಿರುವ ಬಳೆಯಂಥ ಸಣ್ಣ ಕಂಚಿನ ಬುಷ್‌ನೊಳಗೆ ಹೋಗಿ ಕೂರಬೇಕು. ಆ ಪ್ಲೇಟನ್ನು ಮೊದಲೇ ಎಂಜಿನ್ನಿಗೆ ಕಟ್ಟಿ ಬಿಗಿದಿರುತ್ತಾರೆ. ಬಿಗಿಯುವಾಗ ಅದು ಬುಷ್‌ನ ನೇರಕ್ಕೆ ಇರದೆ ಒಂದಿಷ್ಟು ಪಕ್ಕಕ್ಕೆ ಸರಿದಿದ್ದರೂ ಮುಗಿಯಿತು, ಶಾಫ್ಟು ಒಳಗೆ ಹೋಗದು. ಬೇರೆಯವರು ಇದಕ್ಕೆ ಡಮ್ಮಿ ಶಾಫ್ಟ್ ಎಂಬ ಸಲಕರಣೆ ಬಳಸುತ್ತಾರೆ. ನಿಜವಾದ ಶಾಫ್ಟಿನ ಅಳತೆಯದೇ ಒಂದು ತುಂಡು. ಅದನ್ನು ತೂರಿಸಿಟ್ಟು ಪ್ಲೇಟನ್ನು ಬಿಗಿದು, ಆಮೇಲೆ ಹೊರಗೆಳೆದರೆ ನಡು ತಪ್ಪುವುದಿಲ್ಲ.

ತಾಳಪ್ಪ ಬಳಸುತ್ತಿರಲಿಲ್ಲ. ಪ್ಲೇಟಿನ ತೂತಿನೊಳಗೆ ಬೆರಳು ಹಾಕಿ ಬುಷ್‌ನ ಅಂಚನ್ನು ಸುತ್ತ ಸವರುತ್ತಿದ್ದ. ಎಲ್ಲ ಕಡೆ ಅಂಚು ಸಮನಾಗಿ ಸಿಕ್ಕಿದರೆ ಬಿಗಿಯುತ್ತಿದ್ದ. ಗೇರ್‌ಬಾಕ್ಸ್ ಒಂದೇ ಸಲ ತಳ್ಳಿದರೆ ಹೋಗುತ್ತಿತ್ತು. ಜನ ಅದನ್ನು ಕೈಗುಣ ಎಂದರು. ಅಭ್ಯಾಸ ಎಂದಿದ್ದರೆ ಸಾಕಾಗಿತ್ತು. ಆದರೆ ಕೈಗುಣ ಎಂಬ ಮಾತು ಕಿವಿಗೆ ಹಿತ, ಅವನು ಅದನ್ನೇ ನಂಬಿದ.

ಗ್ಯಾರೇಜು ಶುರುವಾದ ಹೊಸತರಲ್ಲಿ ಅಕ್ಕ ಅವನಿಗೊಂದು ಡಮ್ಮಿ ಶಾಫ್ಟ್ ತಿರುವಿ ಕೊಟ್ಟಿದ್ದಳು. ಆಗ ಊರಿನ ಅರ್ಧ ಕಾರುಗಳು ಒಂದೇ ಜಾತಿಯವು, ಅವಕ್ಕೆ ಸರಿಯಾಗುವ ಅಳತೆ. ಒಳ್ಳೆಯ ಉಕ್ಕು, ಕನ್ನಡಿಯಂತೆ ನುಣುಪು. ಅವನು ನೋಡಿ, "ಇದು ಕೈ ಬರದೋರಿಗೆ" ಅಂದ. ಗೋಡೆಗೆ ಒಂದು ತೂತು ಕೊರೆದು, ಅದನ್ನು ಸಿಮೆಂಟಿನಲ್ಲಿ ನೆಟ್ಟು, ಅಂಗಿ ನೇತುಹಾಕಲು ಗೂಟ ಮಾಡಿಕೊಂಡ. ಅಕ್ಕ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದು ಮುಗಿದ ಮಾತಲ್ಲ ಎಂದು ಅವನಿಗೆ ತಿಳಿದಿರಬೇಕಿತ್ತು.

ಎಷ್ಟೋ ವರ್ಷಗಳಾದ ಮೇಲೆ ಅದೇ ಜಾತಿಯ ಹಳೆಯ ಕಾರೊಂದು ಗ್ಯಾರೇಜಿಗೆ ಬಂತು. ಡ್ರೈವಿಂಗ್ ಶಾಲೆಯ ಮೇಡಂ ಅವರದು. ಬೀದಿಯ ಅರ್ಧ ಜನ ಅದರಲ್ಲೇ ಓಡಿಸಲು ಕಲಿತವರು, ಉಳಿದರ್ಧ ಜನ ಅದರಿಂದ ತಪ್ಪಿಸಿಕೊಂಡು ಓಡಲು ಕಲಿತವರು. ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ್ದಾಯಿತು. ಗೇರ್‌ಬಾಕ್ಸ್ ಕೂರಿಸುವುದೊಂದು ಬಾಕಿ. ಮೇಡಂ ದಿನಾ ಬೆಳಿಗ್ಗೆ ಬಂದು, ಒಂದು ಟಯರಿನ ಮೇಲೆ ಕೂತು ವಿಚಾರಿಸುತ್ತಿದ್ದರು.

"ಏನ್ರೀ ತಾಳಪ್ಪನವ್ರೇ, ನನ್ನ ಶಿಷ್ಯರೆಲ್ಲ ಕಲಿತಿದ್ದನ್ನ ಮರೀತಿದಾರೆ."

"ಕಲಿತಿದ್ರೆ ತಾನೆ ಮರೆಯೋಕೆ? ಕ್ಲಚ್ ಪ್ಲೇಟ್ ನೋಡಿದೀರಾ, ಸುಟ್ಟ ರೊಟ್ಟಿ ಆಗಿತ್ತು."

"ಅದು ಅವರ ತಪ್ಪಲ್ಲ. ಕ್ಲಚ್ ಮೇಲಿಂದ ಕಾಲು ತೆಗೀಬೇಡಿ ಅಂತ ನಾನೇ ಹೇಳ್ತೀನಿ, ಜೀವಭಯಕ್ಕೆ."

ಗೋಡೆಯಾಚೆಯಿಂದ ಅಕ್ಕನ ನಗು ಕೇಳಿಸುತ್ತಿತ್ತು.

ಕೂರಿಸುವ ದಿನ ತಾಳಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಎಂದಿನಂತೆ ಪ್ಲೇಟಿನೊಳಗೆ ಬೆರಳಿಟ್ಟು ಸವರಿದ. ಅವನ ಜೊತೆಗೆ ಕೆಲಸ ಮಾಡುವ ಭಾವಮೈದುನ, ಹೆಂಡತಿಯ ತಮ್ಮ, ಪಕ್ಕದಲ್ಲಿ ಬೋಲ್ಟ್ ಹಿಡಿದು ನಿಂತಿದ್ದ. ತಲೆ ಬೋಳಾಗಿ ಹೊಟ್ಟೆ ಬಂದಿದ್ದರೂ ಅವಸರ ಹೋಗದ ಆಸಾಮಿ. ತಾಳಪ್ಪನ ಬೆರಳು ಎಂದಿಗಿಂತ ಹೆಚ್ಚು ಹೊತ್ತು ಒಳಗೇ ಸುತ್ತಿತು. ಕೊನೆಗೆ "ಹೂಂ, ಬಿಗಿ" ಅಂದ. ಇಬ್ಬರೂ ಜಾಕಿನ ಮೇಲೆ ಗೇರ್‌ಬಾಕ್ಸ್ ಏರಿಸಿ ಒಟ್ಟಿಗೆ ತಳ್ಳಿದರು. ಬೆರಳಗಲ ದೂರದಲ್ಲಿ ನಿಂತಿತು.

ಅಲ್ಲಾಡಿಸಿದರು. ಶಾಫ್ಟಿನ ಹಲ್ಲುಗಳು ಪ್ಲೇಟಿನ ಹಲ್ಲುಗಳಿಗೆ ಕೂಡದಿರಬಹುದೆಂದು ಗೇರ್ ಹಾಕಿ ಹಿಂಬದಿಯಿಂದ ಶಾಫ್ಟು ತಿರುಗಿಸಿ ನೋಡಿದರು. ಇಲ್ಲ. ಇಳಿಸಿ, ಪ್ಲೇಟು ಸಡಿಲಿಸಿ, ಮತ್ತೆ ಬೆರಳಿಟ್ಟು ನೋಡಿ, ಮತ್ತೆ ಬಿಗಿದು ಏರಿಸಿದರು. ಮತ್ತೆ ಅಲ್ಲೇ.

"ಭಾವ, ಇದೇನು ಹೊಸ ಸೊಸೆ ಥರ ಬಾಗಿಲಲ್ಲೇ ನಿಂತ್ಕೊಂಡಿದೆ?" ಅಂದ ಭಾವಮೈದುನ. "ಎರಡು ಬೋಲ್ಟ್ ಕೊಟ್ಟು ಎಳೆದುಬಿಡೋಣ ಬಿಡಿ. ಎಲ್ಲರೂ ಮಾಡ್ತಾರೆ."

"ತಾಳಪ್ಪ, ತಾಳು."

"ತಾಳ್ತಾನೇ ಇದೀನಿ. ಬೆನ್ನು ತಾಳ್ತಿಲ್ಲ."

"ಇಲ್ಲಿ ಬೆಳಕು ಸಾಲದು. ಊಟ ಮಾಡ್ಕೊಂಡು ಬಾ ಹೋಗು."

ಬೆಳಕಿಗೂ ಬೆರಳಿಗೂ ಏನು ಸಂಬಂಧ ಎಂದು ಭಾವಮೈದುನ ಕೇಳಲಿಲ್ಲ. ಊಟದ ವಿಷಯದಲ್ಲಿ ಅವನು ಪ್ರಶ್ನೆ ಕೇಳುವವನಲ್ಲ.

ತಾಳಪ್ಪನ ಬೆರಳುಗಳು ಜೋಮು ಹಿಡಿಯಲು ಶುರುವಾಗಿ ಬಹಳ ಕಾಲವಾಗಿತ್ತು. ಮೊದಮೊದಲು ಬೆಳಿಗ್ಗೆ ಮಾತ್ರ. ಬರಬರುತ್ತ ದಿನವಿಡೀ. ನಟ್ಟು ಕೈಯಿಂದ ಜಾರಿದರೆ ಗ್ರೀಸಿನ ಮೇಲೆ ತಪ್ಪು ಹಾಕುತ್ತಿದ್ದ. ಹೆಂಡತಿಗೆ ಹೇಳಿರಲಿಲ್ಲ, ಅಕ್ಕನಿಗಂತೂ ಹೇಳಿರಲೇ ಇಲ್ಲ. ಬೇರೆ ಕೆಲಸಗಳೆಲ್ಲ ಕಣ್ಣು ಮತ್ತು ತೋಳಿನಿಂದ ನಡೆಯುತ್ತಿದ್ದವು. ಇದೊಂದು ಮಾತ್ರ ಬೆರಳ ತುದಿಯ ಕೆಲಸ, ಮತ್ತು ಇದರಿಂದಲೇ ಅವನಿಗೆ ಹೆಸರು. ಇದು ಹೋದರೆ ಆ ಶೆಡ್ಡಿನಲ್ಲಿ ತಾನು ಯಾರೂ ಅಲ್ಲ ಎಂದುಕೊಂಡಿದ್ದ.

ಶೆಡ್ಡಿನಲ್ಲಿ ಯಾರೂ ಇಲ್ಲವೆಂದುಕೊಂಡು ಅವನು ಉದ್ದನೆಯ ಬೋಲ್ಟ್ ಹುಡುಕಿ ತಂದ. ಗೇರ್‌ಬಾಕ್ಸಿನ ಕಿವಿಯೊಳಗೆ ತೂರಿಸಿ, ನಟ್ಟು ಕೂರಿಸಿ, ಪಾನಾ ಹಾಕಿ ತಿರುಗಿಸಿದ. ಇನ್ನೊಂದು ಸುತ್ತು. ಅಂತರ ಸ್ವಲ್ಪ ಕಿರಿದಾಯಿತು.

ಲೋಹ ಇಷ್ಟವಿಲ್ಲದೆ ಸರಿಯುವಾಗ ಒಂದು ಸದ್ದು ಮಾಡುತ್ತದೆ. ಅಕ್ಕ ಊಟಕ್ಕೆ ಹೋಗಿರಲಿಲ್ಲ, ಬೆಂಚಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದಳು. ಆ ಸದ್ದು ಕೇಳಿ ಡಬ್ಬಿ ಮುಚ್ಚಿ ಗೋಡೆಯ ಬಳಿ ಬಂದಳು.

"ಏನೋ ಅದು?"

"ಏನಿಲ್ಲ."

"ಏನಿಲ್ಲದ್ದಕ್ಕೆ ಇಷ್ಟು ನರಳುತ್ತಾ?" ಗೋಡೆ ಸುತ್ತಿ ಈಚೆಗೆ ಬಂದಳು. ಬೋಲ್ಟ್ ನೋಡಿದಳು, ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗಿದ್ದ ಸಂದು ನೋಡಿದಳು. "ಡಿಪೋದಲ್ಲಿ ಮುರಿದ ಕಿವಿ ಸಾಲಲಿಲ್ವಾ ನಿಂಗೆ?"

"ನೀನು ನಿನ್ನ ಲೇತ್ ನೋಡ್ಕೋ ಹೋಗು."

"ನೋಡ್ಕೊಂಡೇ ಇದೀನಿ. ಪಾನಾ ಇಡು ಕೆಳಗೆ. ಕೈ ತೋರಿಸು."

"ಕೈಗೇನಾಗಿದೆ?"

"ಪಾನಾದ ಮೇಲೆ ರಕ್ತ ಇದೆ ನೋಡು. ನಂದಂತೂ ಅಲ್ಲ."

ಅವನು ನೋಡಿಕೊಂಡದ್ದೇ ಆಗ. ತೋರುಬೆರಳಿನ ತುದಿಯಲ್ಲಿ ಉಕ್ಕಿನ ಚೂರೊಂದು ಅರ್ಧ ಹೊಕ್ಕು ನಿಂತಿತ್ತು. ಸುತ್ತ ರಕ್ತ ಒಣಗಿತ್ತು. ಚುಚ್ಚಿ ಬಹಳ ಹೊತ್ತಾಗಿರಬೇಕು. ಅಂಥ ಚೂರುಗಳನ್ನು ತೆಗೆಯುವುದು ಅಕ್ಕನಿಗೆ ನಿತ್ಯದ ಕೆಲಸ. ಜೇಬಿನಲ್ಲಿ ಚಿಮಟ ಇದ್ದೇ ಇರುತ್ತಿತ್ತು. ಚಿಕ್ಕಂದಿನಿಂದಲೂ ಅವನು ಚಿಮಟ ತಾಗುವ ಮೊದಲೇ ಬೀದಿಗೆಲ್ಲ ಕೇಳುವಂತೆ ಅರಚುವವನು. ಅವಳು ಬೆರಳು ಹಿಡಿದು, ಬೇಕೆಂದೇ ಚೂರನ್ನು ಸ್ವಲ್ಪ ಒಳಕ್ಕೆ ಒತ್ತಿದಳು. ಅವನು ಅರಚಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ.

ಅವಳು ಅವನ ಮುಖ ನೋಡಿದಳು. ಚೂರು ಎಳೆದು ನೆಲಕ್ಕೆ ಹಾಕಿದಳು.

"ಯಾವತ್ತಿಂದ?"

"ಗೊತ್ತಿಲ್ಲ."

"ಎಷ್ಟು ಬೆರಳು?"

"ಎಡಗೈದು ಪರವಾಗಿಲ್ಲ. ಬಲಗೈದು..."

"ಹೂಂ," ಅಂದಳು ಅಕ್ಕ. "ಬೋಲ್ಟ್ ಬಿಚ್ಚು ಮೊದಲು."

ಅಷ್ಟೇ ನಡೆದದ್ದು. ಇಬ್ಬರೂ ಸೇರಿ ಗೇರ್‌ಬಾಕ್ಸ್ ಇಳಿಸಿದರು. ಕಿವಿ ಮುರಿದಿರಲಿಲ್ಲ. ಎಂಜಿನ್ನಿನ ತುದಿಯ ಬುಷ್ ಮಾತ್ರ ಶಾಫ್ಟಿನ ಮೊನೆ ತಾಗಿ ಬಾಯಿ ಜಜ್ಜಿಕೊಂಡಿತ್ತು. ಅಕ್ಕ ಅದನ್ನು ಕಿತ್ತು, ಅಂಗೈಯಲ್ಲಿಟ್ಟು ನೋಡಿ, "ಹೊಸದು ತಿರುವಿ ಕೊಡ್ತೀನಿ. ಅಷ್ಟರೊಳಗೆ ನಿನ್ನ ಅಂಗಿ ತೆಗೆದಿಡು" ಅಂದಳು.

"ಅಂಗಿ ಯಾಕೆ?"

"ಗೂಟ ಬೇಕು."

ಭಾವಮೈದುನ ಊಟ ಮುಗಿಸಿ ಬಂದಾಗ ತಾಳಪ್ಪ ಬನಿಯನ್ನಿನಲ್ಲಿ ಗೋಡೆಯ ಎದುರು ನಿಂತು, ಗೂಟ ಹಿಡಿದು ಜಗ್ಗುತ್ತಿದ್ದ.

"ಭಾವ, ಗೇರ್‌ಬಾಕ್ಸ್ ಮೇಲಿನ ಸಿಟ್ಟು ಗೋಡೆ ಮೇಲಾ?"

"ಬಾಯಿ ಮುಚ್ಕೊಂಡು ಉಳಿ ತಗೊಂಬಾ."

ನೆಡುವಾಗ ಸಿಮೆಂಟಿಗೆ ಜಿಪುಣತನ ಮಾಡಿರಲಿಲ್ಲ. ಗೂಟ ಹೊರಬರುವಾಗ ಗಾರೆಯ ದೊಡ್ಡ ಚಕ್ಕೆ ಉದುರಿ, ಕೆಳಗೆ ಬಗ್ಗಿ ಉಳಿ ಹಿಡಿದಿದ್ದ ಭಾವಮೈದುನನ ಬೋಳುತಲೆಯ ಮೇಲೆ ಬಿತ್ತು. ಅಂಗಿ ತಾಗುತ್ತಿದ್ದ ಭಾಗ ನುಣುಪಾಗಿಯೇ ಇತ್ತು. ಗೋಡೆಯೊಳಗಿದ್ದ ಭಾಗಕ್ಕೆ ತುಕ್ಕು. ಅಕ್ಕ ಅದನ್ನು ಲೇತಿಗೆ ಕಟ್ಟಿ, ತಿರುಗಿಸುತ್ತ ನಯವಾದ ಮರಳುಕಾಗದ ಹಿಡಿದು ತುಕ್ಕು ತೆಗೆದಳು. ಅಳತೆ ನೋಡಿದಳು. ಎಣ್ಣೆ ಸವರಿ ಗೋಡೆಯ ಮೇಲಿಂದ ತಮ್ಮನಿಗೆ ಕೊಟ್ಟಳು.

"ಕೈ ಬರದೋರಿಗೆ," ಅಂದಳು.

ಇಷ್ಟು ವರ್ಷ ಇಟ್ಟುಕೊಂಡಿದ್ದ ಮಾತು. ಅವನು ತೆಗೆದುಕೊಂಡ.

ಹೊಸ ಬುಷ್ ಹಾಕಿದ್ದಾಯಿತು. ಡಮ್ಮಿ ಶಾಫ್ಟನ್ನು ಪ್ಲೇಟಿನ ನಡುವೆ ತೂರಿಸಿದಾಗ ಅದು ಬುಷ್‌ನೊಳಗೆ ಹೋಗಿ ನಿಂತಿತು. ಭಾವಮೈದುನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿದ. ಎಳೆದಾಗ ಶಾಫ್ಟು ತಡೆಯಿಲ್ಲದೆ ಹೊರಬಂತು. ಮತ್ತೆ ಗೇರ್‌ಬಾಕ್ಸ್ ಜಾಕಿನ ಮೇಲೇರಿತು. ತಾಳಪ್ಪ ಕೆಳಗೆ ಮಲಗಿ ಎರಡೂ ಅಂಗೈಗಳನ್ನು ಅದರ ಹಿಂಬದಿಗೆ ಕೊಟ್ಟ.

"ಸ್ವಲ್ಪ ಮೇಲೆ. ಸಾಕು. ಎಡಕ್ಕೆ... ತಾಳು. ಈಗ ಬಿಡು, ನಾನೊಬ್ಬನೇ."

ತಳ್ಳಿದ. ಶಾಫ್ಟಿನ ಹಲ್ಲುಗಳು ಕೂಡಿದ್ದು ಅವನ ಅಂಗೈಗೆ ತಿಳಿಯಿತು. ಆಮೇಲೆ ತುದಿ ಬುಷ್ ಸೇರಿದ್ದು ಭುಜಕ್ಕೆ ತಿಳಿಯಿತು. ಗೇರ್‌ಬಾಕ್ಸು ಸಂದಿಲ್ಲದಂತೆ ಎಂಜಿನ್ನಿಗೆ ಹೋಗಿ ಅಂಟಿತು. ಬಾಗಿಲು ಮೆಲ್ಲಗೆ ಮುಚ್ಚಿದಷ್ಟು ಸದ್ದು.

"ಕೂತ್ಕೊಂತಾ?" ಗೋಡೆಯಾಚೆಯಿಂದ ಅಕ್ಕ.

"ಕೂತ್ಕೊಂತು."

"ಕೈಲೇ?"

"ಕೈಲೇ."

ಆಮೇಲೆ ಅವಳು ತಣ್ಣಗಾದ ಊಟ ಮಾಡಿದಳು.

ಕತ್ತಿನ ನರ ಒತ್ತಿಹೋಗಿದೆ ಎಂದು ವೈದ್ಯರು ಹೇಳಿದರು. ವ್ಯಾಯಾಮ ಹೇಳಿಕೊಟ್ಟರು, ಅವನು ಮಾಡಿದ, ಹೆಚ್ಚೇನೂ ಉಪಯೋಗವಾಗಲಿಲ್ಲ. ಬೆರಳ ತುದಿಗಳು ಹಿಂದಿರುಗಲಿಲ್ಲ. ಹೀಗಾಗಿದ್ದಕ್ಕೆ ಅವನು ಗ್ಯಾರೇಜು ಮುಚ್ಚಲೂ ಇಲ್ಲ, ಜ್ಞಾನಿಯಾಗಲೂ ಇಲ್ಲ. ಪ್ಲೇಟು ಬಿಗಿಯುವ ಕೆಲಸ ಭಾವಮೈದುನನಿಗೆ ಬಂತು. ತಳ್ಳುವುದು ಇವನಿಗೇ ಉಳಿಯಿತು, ಏಕೆಂದರೆ ಅಂಗೈ ಮತ್ತು ಭುಜ ಇನ್ನೂ ಸುಳ್ಳು ಹೇಳುತ್ತಿರಲಿಲ್ಲ. ಬೇರೆ ಜಾತಿಯ ಕಾರು ಬಂದಾಗ ಅವನೇ ಗೋಡೆಯ ಬಳಿ ಹೋಗಿ, ಹಳೆಯ ಶಾಫ್ಟಿನ ಅಳತೆ ಕೊಟ್ಟು, "ಇದಕ್ಕೊಂದು ಬೇಕಿತ್ತಲ್ಲ" ಎನ್ನುತ್ತಿದ್ದ. ಅಕ್ಕ ಮೊದಲ ಸಲ ಕಿವಿ ಕೇಳಿಸದವಳಂತೆ ನಟಿಸಿ, ಎರಡು ಸಲ ಹೇಳಿಸಿಕೊಂಡಳು.

ಡ್ರೈವಿಂಗ್ ಶಾಲೆಯ ಆ ಕಾರು ಹೊರಟ ದಿನ ಮೇಡಂ ತಾವೇ ಓಡಿಸಿ ನೋಡಿದರು. ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದು, ಕಿಟಕಿಯಿಂದ ತಲೆ ಹೊರಹಾಕಿ, "ಬೆಣ್ಣೆ ಥರ ಬೀಳ್ತಿದೆ ಗೇರು! ಅದೇ ನಿಮ್ಮ ಬೆರಳಿನ ಕೈಗುಣ!" ಅಂದರು.

ಗೋಡೆಯಾಚೆ ಲೇತ್ ನಿಂತಿತು.

"ಬೆರಳಲ್ಲ ಮೇಡಂ," ಅಂದ. "ಅಕ್ಕ ಮಾಡಿಕೊಟ್ಟ ಶಾಫ್ಟು."

ಲೇತ್ ಮತ್ತೆ ಶುರುವಾಯಿತು. ಅವನು ಅಂಗಿ ಹಾಕಿಕೊಳ್ಳಲು ಗೋಡೆಯ ಕಡೆ ತಿರುಗಿದ. ಅಲ್ಲಿ ತೂತು ಮಾತ್ರ ಇತ್ತು. ಬೆಳಿಗ್ಗೆ ಅಭ್ಯಾಸಬಲದಿಂದ ಇಲ್ಲದ ಗೂಟಕ್ಕೆ ಹಾಕಿದ್ದ ಅಂಗಿ ನೆಲದ ಮೇಲೆ, ಇನ್ನೂ ಗುಡಿಸದ ಗಾರೆಯ ಪುಡಿಯಲ್ಲಿ ಬಿದ್ದಿತ್ತು. ಎತ್ತಿ ಕೊಡವಿ ಹಾಕಿಕೊಂಡ.