ಮೈಲಾರನ ಹೆಸರಿನಲ್ಲಿ ಹಚ್ಚಿದ ಬಲ್ಬು

ನಾನು ಮೊದಲಿನಿಂದಲೂ ಪುಕ್ಕಲಿ, ಬಾಯಿ ಮಾತ್ರ ಊರಗಲ. ನಮ್ಮ ಮನೆಯವರು ಇದನ್ನು ನೂರು ಸಲ ಹೇಳಿದ್ದಾರೆ, ನಾನು ನೂರು ಸಲ ಜಗಳ ತೆಗೆದಿದ್ದೇನೆ. ಆದರೆ ಶಿರೂರು ರಸ್ತೆಯ ಕುದುರೆ ಫಾರ್ಮಿನಲ್ಲಿ ಕಳೆದ ಆ ಒಂದು ಚಳಿಗಾಲವನ್ನು ನೆನೆದರೆ ಅವರ ಮಾತನ್ನು ಒಪ್ಪಲೇಬೇಕಾಗುತ್ತದೆ.

ಬೀದರ ಕಡೆಯವರಾದ ನಾವು ದುಡಿಯಲು ಮರಾಠಿ ಸೀಮೆಗೆ ಬಂದು, ಮೊದಲು ಅಲ್ಲಿನ ಶಿವಾಜಿನಗರದಲ್ಲಿ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊತ್ತೆವು. ಎಪ್ಪತ್ತರ ದಶಕದ ನಡುವೆ ನಮ್ಮ ಮನೆಯವರಿಗೆ ಫಾರ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ ಸಿಕ್ಕಿತು, ನನಗೆ ಲಾಯ ಗುಡಿಸುವ ಕೆಲಸ. ಅಲ್ಲೊಂದು ಕಂದು ಬಣ್ಣದ ಹೆಣ್ಣುಮರಿ ಇತ್ತು. ಹುಟ್ಟಿದ ವಾರಕ್ಕೇ ತಾಯಿ ಸತ್ತು, ನಮ್ಮ ಮನೆಯವರೇ ಬಾಟಲಿ ಹಾಲು ಕುಡಿಸಿ ಬದುಕಿಸಿದ ಜೀವ. ಎರಡು ವರ್ಷ ತುಂಬಿದಾಗ ಅದರ ಮುಂಗಾಲಿನ ಕೀಲು ಕೆಟ್ಟು ರೇಸಿಗೆ ಬಾರದಾಯಿತು. ಇನ್ನು ಮರಿ ಹಾಕಿದರಷ್ಟೇ ಅದಕ್ಕೆ ಫಾರ್ಮಿನಲ್ಲಿ ಜಾಗ. ಓರಗೆಯ ಮರಿಗಳೆಲ್ಲ ಬೆದೆಗೆ ಬಂದಿದ್ದವು, ಇದು ಒಮ್ಮೆಯೂ ಬಂದಿರಲಿಲ್ಲ. ಫೆಬ್ರುವರಿ ಕಳೆಯುವುದರೊಳಗೆ ಬರದಿದ್ದರೆ ಪೇಟೆಯ ಟಾಂಗಾದವನಿಗೆ ಮಾರುವುದೆಂದು ಮ್ಯಾನೇಜರ್ ಮುಲಾಜಿಲ್ಲದೆ ಹೇಳಿಬಿಟ್ಟ. ಆ ಕಾಲಿನಿಂದ ಟಾಂಗಾ ಎಳೆದರೆ ಅದು ಒಂದು ಮಳೆಗಾಲವನ್ನೂ ಕಾಣುತ್ತಿರಲಿಲ್ಲ.

ಕುದುರೆ ಡಾಕ್ಟರು ಧಾರವಾಡದವರು. ಮಾರ್ಗಶಿರ ಶುರುವಾಗುವ ದಿನ ನನ್ನನ್ನು ಕರೆದು ಹೇಳಿದರು: "ಚಳಿಗಾಲದಾಗ ಹಗಲು ಸಣ್ಣದು ನೋಡವಾ, ಕುದುರಿ ಮೈಯಾಗಿನ ಗರ್ಭದ ಕೆಲಸೆಲ್ಲ ಮಲಗಿರ್ತದ. ಹಗಲು ಉದ್ದ ಆದಂಗ ಏಳ್ತದ. ಅದಕ್ಕ ಬಲ್ಬ್ ಹಚ್ಚಿ ನಾವ ಹಗಲು ಉದ್ದ ಮಾಡೋಣು. ಹೊತ್ತು ಮುಳುಗೋಕಿಂತ ಮುಂಚೆ ಹಚ್ಚು, ಹತ್ತೂವರಿಗೆ ಆರಿಸು. ಮರೀಬ್ಯಾಡ."

ನಮ್ಮ ಮನೆಯವರು ತುಂಬುಬಸುರಿ ಕುದುರೆಗಳ ಲಾಯದಲ್ಲಿ ಮಲಗುತ್ತಿದ್ದರು. ಸ್ವಿಚ್ಚು ನನ್ನ ಪಾಲಿಗೆ ಬಂತು.

ತಪ್ಪು ಮೊದಲ ಸಂಜೆಯೇ ಆಯಿತು. ಅವತ್ತು ಪಾಡ್ಯ. ನಮ್ಮ ಮನೆದೇವರು ಮೈಲಾರ, ಅವನ ವಾಹನ ಕುದುರೆ. ಪಾಡ್ಯದಂದು ಅವನ ಹೆಸರಿನಲ್ಲಿ ಹಚ್ಚಿದ ದೀಪ ಷಷ್ಠಿಯವರೆಗೆ ಆರಬಾರದು, ಆರಿದರೆ ಮನೆಯ ಒಂದು ಜೀವಕ್ಕೆ ಕೇಡು ಎಂದು ನಮ್ಮತ್ತೆ ಹೇಳಿಹೇಳಿ ನನ್ನ ಎದೆಯಲ್ಲಿ ನೆಟ್ಟಿದ್ದರು. ನಾನೋ, ಅವನ ಭಂಡಾರದ ಅರಿಶಿನಪುಡಿ ಹಿಡಿದುಕೊಂಡು ಹೋಗಿ ಮರಿಯ ಹಣೆಗೆ ಹಚ್ಚಿ, ಸ್ವಿಚ್ಚಿಗೂ ಒಂದಿಷ್ಟು ಹಚ್ಚಿ, "ಏಳುಕೋಟಿ ಏಳುಕೋಟಿಗೋ" ಎಂದು ಅವನ ಉಘೇ ಕೂಗಿ ಬಲ್ಬು ಹಾಕಿದೆ. ಹತ್ತೂವರೆಗೆ ಆರಿಸಲು ಹೋದರೆ ಕೈಯೇ ಏಳಲಿಲ್ಲ. ದೇವರ ಹೆಸರಿನಲ್ಲಿ ಹಚ್ಚಿದ್ದನ್ನು ಹೇಗೆ ಆರಿಸಲಿ? ಬೆಳಕು ಒಳ್ಳೆಯದಾದರೆ ಹೆಚ್ಚು ಬೆಳಕು ಇನ್ನೂ ಒಳ್ಳೆಯದೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾವಲುಗಾರ ಕೇಳಿದ್ದಕ್ಕೆ "ಡಾಕ್ಟರ್ ಹೇಳ್ಯಾರ" ಎಂದು ದಬಾಯಿಸಿದೆ. ಷಷ್ಠಿಯವರೆಗೆ ಆ ಲಾಯದಲ್ಲಿ ಕತ್ತಲೆಯೇ ಬೀಳಲಿಲ್ಲ.

ಮರುವಾರ ಡಾಕ್ಟರು ಬಂದರು. ಸರಿಯಾಗಿ ಆರಿಸುತ್ತಿದ್ದೀಯಾ ಎಂದರು. ಹೂಂ ಎಂದೆ. "ಶಾಣ್ಯಾಕಿ. ಕತ್ತಲೀನೂ ಔಷಧನ ನೋಡು. ಕತ್ತಲಿ ಬಿದ್ರನ ಹಗಲು ಎಷ್ಟುದ್ದ ಇತ್ತು ಅಂತ ಮೈಗೆ ತಿಳೀತದ."

ಅವತ್ತಿನಿಂದ ಅನ್ನ ಸೇರಲಿಲ್ಲ. ಹತ್ತೂವರೆಗೆ ತಪ್ಪದೆ ಆರಿಸುತ್ತಿದ್ದೆ, ಆದರೆ ಪ್ರತಿಸಲವೂ ಆ ಆರು ದಿನಗಳೇ ಕಣ್ಣಮುಂದೆ ಬರುತ್ತಿದ್ದವು. ಹೇಳಿದರೆ ಕೆಲಸ ಹೋಗುತ್ತದೆ, ಫಾರ್ಮಿನ ಕೋಣೆ ಹೋಗುತ್ತದೆ. ಎಲ್ಲಕ್ಕಿಂತ ನಮ್ಮ ಮನೆಯವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರೋ ದಿನಾ ಮರಿಯ ಕತ್ತು ತಿಕ್ಕುತ್ತ, "ಈ ಸಲ ಬರ್ತಾಳ ನೋಡು" ಎನ್ನುತ್ತಿದ್ದರು.

ಫೆಬ್ರುವರಿಯಲ್ಲಿ, ಯಾವುದು ಬೆದೆಗೆ ಬಂದಿದೆ ಎಂದು ನೋಡಲು, ಗಂಡು ಕುದುರೆಯನ್ನು ಬೇಲಿಯಾಚೆ ತಂದು ನಿಲ್ಲಿಸಿದರು. ಉಳಿದ ಹೆಣ್ಣುಗಳು ಬಾಲ ಎತ್ತಿ ಬೇಲಿಗೆ ಒತ್ತಿ ನಿಂತವು. ನಮ್ಮ ಮರಿ ಕಿವಿ ಹಿಂದಕ್ಕೆ ಮಡಚಿ ಹಲಗೆಗೆ ಝಾಡಿಸಿ ಒದೆಯಿತು. ವಾರ ಕಳೆದು ನೋಡಿದರು, ಮತ್ತೆ ಒದೆತ. ಮೂರನೆಯ ವಾರವೂ ಅದೇ. ಪ್ರತಿಯೊಂದು ಒದೆತವೂ ನನ್ನ ಹೊಟ್ಟೆಗೇ ಬಿದ್ದಂತಾಗುತ್ತಿತ್ತು.

ತಿಂಗಳ ಕೊನೆಗೆ ಟಾಂಗಾದವನು ಬಂದೇ ಬಿಟ್ಟ, ಮ್ಯಾನೇಜರೂ ಡಾಕ್ಟರೂ ಅಲ್ಲೇ ನಿಂತಿದ್ದರು. ಮರಿಯ ತುಟಿ ಎತ್ತಿ ಹಲ್ಲು ನೋಡಿದ, ಊದಿದ ಕೀಲನ್ನು ಬೆರಳಿನಿಂದ ಒತ್ತಿದ. ಮರಿ ಮುಖ ತಿರುಗಿಸಿ ನಮ್ಮ ಮನೆಯವರ ತೋಳಿನಡಿ ತಲೆ ತೂರಿಸಿತು. ಅವರು ಹಗ್ಗ ಬಿಚ್ಚತೊಡಗಿದರು.

"ತಪ್ಪು ನಂದ್ರೀ!" ಎಂದು ಕೂಗಿದೆ. ಡಾಕ್ಟರ ಕಾಲ ಬಳಿ ಕುಸಿದು, ಪಾಡ್ಯ, ಭಂಡಾರ, ಬಲ್ಬು, ಎಲ್ಲ ಒದರಿಬಿಟ್ಟೆ. "ಕಾಯ್ ಝಾಲಂ?" ಏನಾಯಿತೆಂದು ಮ್ಯಾನೇಜರ್ ಸಿಡುಕಿದ. ಡಾಕ್ಟರು ಅವನಿಗೆ ಮರಾಠಿಯಲ್ಲಿ ತಿಳಿಸಿ, ಯುಗಾದಿ ಕಳೆಯುವ ತನಕ ಅವಧಿ ಕೇಳಿದರು. ನನಗೆ ಹೇಳಿದ್ದು ಇಷ್ಟೇ: "ಅದರಿಂದನ ಕೆಟ್ಟದ ಅಂತ ನಾ ಹೇಳಂಗಿಲ್ಲ. ಆದ್ರ ಅವತ್ತ ಹೇಳಬೇಕಿತ್ತು."

ನಮ್ಮ ಮನೆಯವರು ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿದರು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯುಗಾದಿ ಕಳೆದ ವಾರ, ಹಗಲು ತಾನಾಗಿಯೇ ಉದ್ದವಾಗಿ ಬಲ್ಬಿನ ಹಂಗೇ ಇಲ್ಲದಾದಾಗ, ಮರಿ ಬೇಲಿಯ ಹತ್ತಿರ ಹೋಗಿ ಬಾಲ ಎತ್ತಿ ನಿಂತಿತು. ನಮ್ಮ ಮನೆಯವರು ಎಲ್ಲರೆದುರೇ ಅತ್ತರು.

ಮುಂದಿನ ಮಾರ್ಗಶಿರದಲ್ಲಿ ಅದೇ ಲಾಯದ ಬೇರೆ ಎರಡು ಮರಿಗಳಿಗಾಗಿ ಬಲ್ಬು ಬಂತು. ಪಾಡ್ಯದ ಸಂಜೆ ಭಂಡಾರ ಮನೆಯಲ್ಲೇ ಬಿಟ್ಟು ಹೋದೆ. ಆದರೂ ಸ್ವಿಚ್ಚು ಒತ್ತುವಾಗ ಹಾಳು ಬಾಯಿ "ಏಳುಕೋಟಿ" ಎಂದುಬಿಟ್ಟಿತು. ಹತ್ತೂವರೆಗೆ ಮತ್ತೆ ಆ ಸ್ವಿಚ್ಚಿನ ಮುಂದೆ ನಿಂತೆ. ಕೇಡು ತಟ್ಟುವ ಒಂದು ಜೀವ ಯಾರದು, ನಮ್ಮ ಮನೆಯವರದೋ, ನನ್ನದೋ? ಮೂಲೆಯಲ್ಲಿ ನಮ್ಮ ಮರಿ ಹೊಟ್ಟೆ ಇಳಿಬಿಟ್ಟು ನಿಂತು ನನ್ನನ್ನೇ ನೋಡುತ್ತಿತ್ತು.

"ಮೈಲಾರಪ್ಪಾ, ಸಿಟ್ಟಾಗಬ್ಯಾಡ," ಎಂದೆ. "ನಿನ್ನ ಕುದುರಿ ಬಸರಿ ಅದ, ಮಲಗಬೇಕು."

ಕಣ್ಣು ಮುಚ್ಚಿಕೊಂಡು ಬಲ್ಬು ಆರಿಸಿದೆ.